ಅಕ್ಕನಿಗೊಂದು ಬಿನ್ನವತ್ತಳೆ

ದೇವರಾಜ ಮೊಹಲ್ಲಾದ ಒಂದು ಸಂದಿಯಲ್ಲಿ, ಬಟ್ಟೆ ಅಂಗಡಿಗೂ ಬಳೆ ಅಂಗಡಿಗೂ ನಡುವೆ, ಎಂಟಡಿ ಅಗಲದ ನನ್ನ ಅಂಗಡಿಯಿದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಹಿಂದೆ ಫ್ರೇಮು ಹಾಕುವ ಬೆಂಚು, ಅಷ್ಟೇ ಆಸ್ತಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಎಲ್ಲ ಮಾಡುತ್ತೇನೆ. ಆದರೆ ಜನ ನನ್ನನ್ನು ಹುಡುಕಿಕೊಂಡು ಬರುವುದು ಬಿನ್ನವತ್ತಳೆಗೆ. ಯಾರಾದರೂ ನಿವೃತ್ತರಾದಾಗ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಅವರನ್ನು ಹೊಗಳಿ ಬರೆದ ಪತ್ರವೊಂದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಆಮೇಲೆ ಗಾಜು ಹಾಕಿಸಿ ಕೈಗಿಡುತ್ತಾರಲ್ಲ, ಅದು. ಬರೆಯುವವನೂ ನಾನೇ, ಅಚ್ಚು ಹಾಕುವವನೂ ನಾನೇ, ಫ್ರೇಮಿಗೆ ಮೊಳೆ ಹೊಡೆಯುವವನೂ ನಾನೇ.

ಬಿನ್ನವತ್ತಳೆ ಅಂದರೆ ಅಲಂಕಾರದ ಜಾತ್ರೆ. ಶಾಲೆಯಲ್ಲಿ ಕನ್ನಡ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಅಲಂಕಾರಗಳು ನನ್ನ ಹಾಗೆ ಬೇರೆ ಯಾರಿಗೂ ಅನ್ನ ಹಾಕಿರಲಾರವು. ಹೆಡ್‌ಮಾಸ್ಟರು ಬಂದರೆ 'ಶಿಸ್ತಿನ ಹಿಮಾಲಯವೇ', ಡಾಕ್ಟರು ಬಂದರೆ 'ಕರುಣೆಯ ಸಾಗರವೇ'. ಗುಮಾಸ್ತರಾದರೆ 'ಗಡಿಯಾರದ ಮುಳ್ಳಿನಂತೆ ದುಡಿದವರು'. ಒಂದಿಷ್ಟು ಪ್ರಾಸ, ಒಂದಿಷ್ಟು ಅತಿಶಯೋಕ್ತಿ, ಕೊನೆಗೆ 'ಇಂತಿ ತಮ್ಮ ಅಭಿಮಾನಿಗಳು'. ನಿಜ ಹೇಳಿಬಿಡುತ್ತೇನೆ, ಪ್ರತಿಯೊಬ್ಬರಿಗೂ ಹೊಸದಾಗಿ ಬರೆಯುತ್ತ ಕೂತರೆ ಅಂಗಡಿ ನಡೆಯುವುದಿಲ್ಲ. ಹಳೆಯ ಫೈಲು ತೆಗೆಯುವುದು, ಹೆಸರು ಬದಲಿಸುವುದು, ಎರಡು ಸಾಲು ಆಚೀಚೆ ಮಾಡುವುದು. ಒಮ್ಮೆ ನರ್ಸಮ್ಮನ ಫೈಲಿನಲ್ಲೇ ಒಬ್ಬ ಲೈನ್‌ಮನ್ನರ ಹೆಸರು ಕೂರಿಸಿ, ನಡುವಿನ ಸಾಲು ನೋಡದೆ ಅಚ್ಚು ಹಾಕಿಬಿಟ್ಟೆ. 'ನಿಮ್ಮ ಕೈ ಸೋಕಿದ ಸಾವಿರಾರು ಜೀವಗಳು ಚೇತರಿಸಿಕೊಂಡವು' ಎಂದು ಓದಿದಾಗ ಸಭೆಯಲ್ಲಿ ಇದ್ದ ಬದ್ದ ಲೈನ್‌ಮನ್ನರೆಲ್ಲ ಕುರ್ಚಿಯಿಂದ ಬೀಳುವಷ್ಟು ನಕ್ಕರಂತೆ. ಪುಣ್ಯಾತ್ಮರು ಬೈಯಲಿಲ್ಲ. ಹೊಸದು ಮಾಡಿಕೊಟ್ಟೆ, ಹಳೆಯದನ್ನೂ ಅವರೇ ಇಟ್ಟುಕೊಂಡರು.

ಈ ವರ್ಷದ ಬೇಸಿಗೆಗೆ ಮುಂಚೆ ಒಂದು ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹತ್ತೊಂಬತ್ತು ವರ್ಷದಿಂದ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡುತ್ತಿದ್ದಳು. ಅರವತ್ತು ತುಂಬಿದ್ದರಿಂದ ಆ ತಿಂಗಳಿಗೆ ಅವಳ ಕೆಲಸ ಮುಗಿಯುತ್ತಿತ್ತು. ಶಾಲೆಯಿಂದ ನೇರ ಬಂದಿದ್ದಳು, ಸೆರಗಿನಲ್ಲಿ ಇಂಗಿನ ಘಮ. ಬೆಂಚಿನ ಮೇಲಿದ್ದ ಫ್ರೇಮುಗಳನ್ನು ಪಕ್ಕಕ್ಕೆ ಸರಿಸಿ ಕೂತು, ನೀರು ಕುಡಿದು, ಸುಮ್ಮನೆ ನಗುತ್ತಿದ್ದಳು.

"ಏನಕ್ಕ, ಲಾಟ್ರಿ ಹೊಡೀತಾ?" ಅಂದೆ.

"ನಂಗೂ ಓದ್ತಾರಂತೆ ಕಣೋ."

"ಏನು ಓದ್ತಾರೆ?"

"ಅದೇ, ನಮ್ ಸ್ಕೂಲ್ನೋರಿಗೆಲ್ಲ ನೀನು ಬರೀತೀಯಲ್ಲ, ಅದು. ಅಡ್ಗೆಯವ್ರಿಗೆ ಇವತ್ತಿನ್ ಗಂಟ ಯಾರ್ಗೂ ಓದಿಲ್ಲ. ಸೀರೆ ಕೊಟ್ಟು ಕಳಿಸ್ಬುಡ್ತಿದ್ರು. ನಾನೇ ಬಾಯ್ಬುಟ್ಟು ಕೇಳ್ದೆ, ಮೇಡಮ್ಮೋರೆ, ನಂಗೂ ಒಂದ್ ಓದ್ಸಿ ಅಂತ. ಊಂ ಅಂದ್ರು. ನೀನೇ ಬರೀಬೇಕು, ನೀನೇ ಓದ್ಬೇಕು."

ಅಕ್ಕ ತನಗಾಗಿ ಯಾರ ಹತ್ತಿರವೂ ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕೇಳುವುದಕ್ಕೆ ಅವಳು ಎಷ್ಟು ದಿನ ಧೈರ್ಯ ಕೂಡಿಸಿಕೊಂಡಿರಬೇಕು ಎಂಬುದು ನನಗೆ ಹೊಳೆದದ್ದು ಆಮೇಲೆ. ಆವತ್ತು ಮಾತ್ರ ನನಗೆ ಬರೀ ಹೆಮ್ಮೆ. "ನಿಂಗೆ ಹಳೇ ಫೈಲ್ ಮುಟ್ಟಲ್ಲ ಕಣಕ್ಕ, ಎಲ್ಲ ಹೊಸದು" ಎಂದು ಜಂಬ ಕೊಚ್ಚಿದೆ.

ಅಲಂಕಾರಗಳ ವಿಷಯದಲ್ಲಿ ನಾನು ಅಕ್ಕನಿಗೆ ಋಣಿ. ಅವ್ವ ತೀರಿಕೊಂಡಾಗ ನನಗೆ ಆರು. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಒಲೆ ಮುಂದೆ ಕೂತಳು. ಬನ್ನಿಮಂಟಪದ ಕಡೆ ಒಂದೇ ಕೋಣೆಯ ಮನೆ ನಮ್ಮದು. ನಾನು ಹೈಸ್ಕೂಲಿಗೆ ಹೋದ ಮೇಲೆ ದಿನಾ ಸಂಜೆ ಅವಳು ಮುದ್ದೆ ತೊಳಸುತ್ತ ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಪುಸ್ತಕ ಅವಳ ಮೊಣಕಾಲ ಮೇಲೆ, ಕೋಲು ಕೈಯಲ್ಲಿ. ತಪ್ಪಿದರೆ ಅದೇ ಕೋಲಿನಿಂದ ಮುದ್ದೆ ಸಮೇತ ಒಂದು ಬೀಳುತ್ತಿತ್ತು.

"ಅವಳ ಮುಖ ಚಂದ್ರನಂತೆ ಇದೆ. ಇಲ್ಲಿ ಮುಖ ಉಪಮೇಯ, ಚಂದ್ರ ಉಪಮಾನ, 'ಅಂತೆ' ವಾಚಕ ಪದ" ಎಂದು ನಾನು ಗಿಳಿಪಾಠ ಒಪ್ಪಿಸಿದರೆ, ಅವಳು ಒಲೆ ಊದುವುದನ್ನು ನಿಲ್ಲಿಸಿ, "ಚಂದ್ರನ್ ಮುಖದಲ್ಲಿ ಕಲೆ ಐತಲ್ಲೋ, ಆ ಹುಡ್ಗೀಗೂ ಇತ್ತಾ?" ಎನ್ನುವಳು. ನಾನು ರೇಗುತ್ತಿದ್ದೆ. ಕೋಪ ಆಗಲೂ ಮೂಗಿನ ತುದಿಯಲ್ಲೇ. ರೂಪಕ ಮಾತ್ರ ನನ್ನ ತಲೆಗೆ ಹತ್ತಲೇ ಇಲ್ಲ. ಉಪಮೇಯ ಉಪಮಾನಗಳಲ್ಲಿ ಭೇದವಿಲ್ಲವೆಂದು ಹೇಳುವುದು ರೂಪಕ ಅಂತ ಮೇಷ್ಟ್ರು ಬರೆಸಿದ್ದರು. ಭೇದವಿಲ್ಲ ಅಂದರೆ ಏನು? ಅತ್ತೂ ಅತ್ತೂ ಕೇಳಿದ್ದಕ್ಕೆ ಅಕ್ಕನೇ ಬಿಡಿಸಿ ಹೇಳಿದಳು. "ಚಂದ್ರನಂತೆ ಅಂದ್ರೆ ಚಂದ್ರ ಅಲ್ಲೇ ಇರ್ತಾನೆ, ಅವ್ಳು ಇಲ್ಲೇ ಇರ್ತಾಳೆ. ಮಧ್ಯ ಅಂತರ ಐತೆ. ಮುಖಚಂದ್ರ ಅಂದ್ಬುಟ್ರೆ ಮುಗೀತು, ಅವ್ಳೇ ಚಂದ್ರ. ಇಬ್ರಿಗೂ ಒಂದೇ ತಟ್ಟೆ ಹಾಕ್ದಂಗೆ." ಮಾರನೇ ದಿನ ಕ್ಲಾಸಿನಲ್ಲಿ ಒಂದೇ ತಟ್ಟೆಯ ವಿವರಣೆ ಕೊಟ್ಟು ಮೇಷ್ಟ್ರಿಂದ ಭೇಷ್ ಅನ್ನಿಸಿಕೊಂಡೆ. ಅದು ಅಕ್ಕ ಹೇಳಿದ್ದು ಅಂತ ಬಾಯಿ ಬಿಡಲಿಲ್ಲ.

ಹೊಸದು ಬರೆಯಬೇಕೆಂದು ಹೊರಟವನಿಗೆ ನೆನಪಾದದ್ದು ಸ್ವಭಾವೋಕ್ತಿ. ಯಾವ ಹೋಲಿಕೆಯೂ ಇಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಕಣ್ಣಿಗೆ ಕಟ್ಟುವಂತೆ ಹೇಳುವುದೂ ಒಂದು ಅಲಂಕಾರವೇ. ಇಷ್ಟು ವರ್ಷ ಹಿಮಾಲಯ, ಸಾಗರ ಅಂತ ಸುಳ್ಳು ಹೊಸೆದು ನನಗೇ ವಾಕರಿಕೆ ಬಂದಿತ್ತು. ನನ್ನ ಅಕ್ಕನಿಗೆ ಅದನ್ನು ಬಡಿಸುವುದೇ? ನಿಜವನ್ನೇ ಬರೆಯುತ್ತೇನೆ ಅಂದುಕೊಂಡೆ. ನಾಲ್ಕು ದಿನ ಕೂತು ಬರೆದೆ. ಬೆಳಗ್ಗೆ ಎಂಟಕ್ಕೆ ಅಡುಗೆ ಕೋಣೆಯ ಬೀಗ ತೆಗೆಯುತ್ತೀರಿ. ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆಯುತ್ತೀರಿ. ಸಾಂಬಾರು ಇಳಿಸುವ ಮುಂಚೆ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ರುಚಿ ನೋಡುತ್ತೀರಿ. ಹೀಗೆ ಸಾಗಿ, ನಡುವೆ ಇನ್ನೊಂದು ಸಾಲು ಬರೆದೆ. ಅದನ್ನು ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. 'ಮೊದಲ ವರ್ಷ ಹನ್ನೊಂದು ಮಕ್ಕಳು ಮನೆಯಿಂದ ಡಬ್ಬಿ ತಂದರು. ನೀವು ಅವರ ತಟ್ಟೆಗಳನ್ನೂ ದಿನವೂ ತೊಳೆದಿಟ್ಟು ಕಾದಿರಿ.'

ಆ ಡಬ್ಬಿಗಳ ವಿಷಯ ಹೇಳಲೇಬೇಕು. ಭಾವ ತೀರಿಕೊಂಡ ಮೇಲೆ ಅಕ್ಕ ಶಾಲೆಯ ಅಡುಗೆ ಕೆಲಸಕ್ಕೆ ಸೇರಿದಳು. ಸೇರಿದ ವಾರದಲ್ಲೇ ಕೆಲವು ಮನೆಯವರು ತಮ್ಮ ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸತೊಡಗಿದರು. ಯಾಕೆ ಎಂದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಓದುತ್ತಿರುವ ನಿಮಗೂ ಗೊತ್ತು. ನಮ್ಮ ಜಾತಿಯ ಕೈಯ ಅನ್ನ ಅವರಿಗೆ ಬೇಡವಾಗಿತ್ತು. ಹೋಗಿ ಜಗಳ ಆಡುತ್ತೇನೆ ಎಂದು ನಾನು ಕುಣಿದೆ. "ನೀನು ಬಾಯ್ಮುಚ್ಕಂಡ್ ಇರು. ಹಸಿವು ಮಕ್ಕಳ್ದು, ಜಗಳ ದೊಡ್ಡೋರ್ದು" ಎಂದು ಅಕ್ಕ ನನ್ನನ್ನೇ ಗದರಿದಳು. ದಿನವೂ ಆ ಹನ್ನೊಂದು ತಟ್ಟೆಗಳನ್ನೂ ತೊಳೆದು ಸಾಲಿಗೆ ಇಡುತ್ತಿದ್ದಳು. ಮೂರು ತಿಂಗಳಲ್ಲಿ ಏಳು ಮಕ್ಕಳು ಡಬ್ಬಿ ಮುಚ್ಚಿಟ್ಟು ಬಂದು ಕೂತವು. ಕೊನೆಯವಳು ಮುಂದಿನ ಜೂನ್‌ನಲ್ಲಿ ಬಂದಳು, ಬಂದವಳು ಎರಡು ಸಲ ಸಾಂಬಾರು ಹಾಕಿಸಿಕೊಂಡಳು. ಆ ದಿನ ಅಕ್ಕ ನನಗೆ ಫೋನು ಮಾಡಿ ಐದು ನಿಮಿಷ ಅತ್ತಿದ್ದಳು.

ಭಾನುವಾರ ಬರೆದದ್ದನ್ನು ತೆಗೆದುಕೊಂಡು ಬನ್ನಿಮಂಟಪದ ಅವಳ ಮನೆಗೆ ಹೋದೆ. ಅವಳು ಅವರೆಕಾಳು ಹಿಸುಕುತ್ತ ಕೂತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಆಗಲೇ ಒಂದು ಹೊಸ ಮೊಳೆ ಹೊಡೆದಿದ್ದಳು. ಬಿನ್ನವತ್ತಳೆಗೆ ಜಾಗ! ನಾನು ರಾಗವಾಗಿ ಓದಿದೆ. ಮುಗಿಸಿ ತಲೆಯೆತ್ತಿದಾಗ ಅವಳು ಅಳುತ್ತಿರುತ್ತಾಳೆ, ನನ್ನ ತಲೆ ಸವರುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ನಿಂತಿತ್ತು, ಮುಖ ಬಿಗಿದಿತ್ತು.

"ಸಾಗರ ಎಲ್ಲಿ?" ಅಂದಳು.

"ಯಾವ ಸಾಗರ?"

"ಆ ಎಡ್ಮಾಸ್ಟ್ರಿಗೆ ಬರ್ದಿದ್ಯಲ್ಲ, ಹಿಮಾಲಯ, ಸಾಗರ, ಎಲ್ಲ. ಅದ್ಯಾವ್ದೂ ಇಲ್ವಲ್ಲೋ ಇದ್ರಲ್ಲಿ."

"ಅದೆಲ್ಲ ಬೂಟಾಟಿಕೆ ಕಣಕ್ಕ. ಇದು ಸ್ವಭಾವೋಕ್ತಿ. ಇದ್ದದ್ದನ್ನ ಇದ್ದ ಹಾಗೇ ಬರ್ದಿದೀನಿ."

"ಇದ್ದಂಗೇ ನೋಡಕ್ಕೆ ನಂಗೆ ಫ್ರೇಮ್ ಯಾಕ್ ಬೇಕು? ಕನ್ನಡಿ ಐತಲ್ಲ ಮನೇಲಿ."

ನನಗೆ ರೇಗಿಹೋಯಿತು. ನಾಲ್ಕು ದಿನ ನಿದ್ದೆಗೆಟ್ಟು ಬರೆದಿದ್ದೇನೆ, ನಿನಗೆ ಬೆಲೆ ಗೊತ್ತಾಗುವುದಿಲ್ಲ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಅವಳು ಕಾಳಿನ ಪಾತ್ರೆಯನ್ನು ದೂರ ತಳ್ಳಿ ಎದ್ದುನಿಂತಳು.

"ಹತ್ತೊಂಬತ್ತು ವರ್ಷ ಆ ಹಾಲಿನ್ ಬಾಗಲಲ್ಲಿ ಕಾಫಿ ತಟ್ಟೆ ಹಿಡ್ಕಂಡು ನಿಂತು ಕೇಳಿದೀನಿ ಕಣೋ, ನೀನ್ ಬರ್ದಿದ್ದನ್ನ. ಗಣಿತದ ಮೇಷ್ಟ್ರು ಕ್ಲಾಸಲ್ಲೇ ಗೊರಕೆ ಹೊಡೀತಿದ್ರು, ಅವ್ರು ಹಿಮಾಲಯ ಆದ್ರು. ಗುಮಾಸ್ತ್ರು ಗಡಿಯಾರದ್ ಮುಳ್ಳಿನಂತೆ ಆದ್ರು. ಮೇಲ್ನೋರಿಗೆ ರೂಪಕ, ನಡೂನೋರಿಗೆ ಉಪಮೆ. ನಾನ್ ಮಾತ್ರ ಸೌಟೇ ಆಗಿರ್ಬೇಕಾ? ಯಾಕೋ? ನಿನ್ ಕೈಯಲ್ಲೂ ನಂಗೆ ಬೇರೆ ತಟ್ಟೇನಾ?"

ಹಾಗೆಂದು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ, ಆದರೆ ಅವಳು ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ಎಷ್ಟು ವರ್ಷದಿಂದ, ಯಾರೂ ಹೇಳದೆಯೇ, ಕುರ್ಚಿ ನೋಡಿ ಅಲಂಕಾರ ಹಂಚುತ್ತಿದ್ದೆ.

"ಆಮೇಲೆ ಆ ಡಬ್ಬಿ ಸಾಲು" ಎಂದಳು, ದನಿ ಇಳಿಸಿ. "ಅದು ನಂಗೊತ್ತು, ನಿಂಗೊತ್ತು. ಅದನ್ನೂ ಫ್ರೇಮ್ ಹಾಕ್ಸಿ ಗೋಡೇಗ್ ತಗಲಾಕ್ಲಾ? ದಿನಾ ಎದ್ದು ನೋಡ್ಲಾ?"

ನಾನು ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡು ಹೊರಬಂದೆ. ಎಂದೂ ಅವಳ ಮನೆಯಿಂದ ಉಣ್ಣದೆ ಬಂದವನಲ್ಲ. ಅವತ್ತು ಅವಳೂ ಉಣ್ಣು ಅನ್ನಲಿಲ್ಲ. ಮೂರು ದಿನ ಫೋನೂ ಇಲ್ಲ. ನಾಲ್ಕನೇ ದಿನ ನಾನೇ ಸೋತು ಫೋನು ಮಾಡಿ, "ಸಾಗರ ಹಾಕ್ತೀನಿ ಬುಡಕ್ಕ" ಅಂದೆ. "ಹಿಮಾಲಯ?" ಅಂದಳು. "ಅದು ಬೇಡ, ಚಳಿ" ಅಂದೆ. ಆ ಕಡೆಯಿಂದ ನಗು ಕೇಳಿದ ಮೇಲೆ ಕಂಪ್ಯೂಟರು ಹಚ್ಚಿದೆ.

ಹೊಸದಾಗಿ ಬರೆದೆ. ಬೀಗ, ಅಕ್ಕಿ, ಅಂಗೈಯ ಹನಿ ಒಂದೆರಡು ಸಾಲಿನಲ್ಲಿ ಉಳಿದವು. ಡಬ್ಬಿ ಹೋಯಿತು. ಕೊನೆಗೆ ಸಾಗರ ಬಂತು. ಆದರೆ ಅಚ್ಚು ಹಾಕುವ ಹೊತ್ತಿಗೆ ನನ್ನ ಧೈರ್ಯ ಕೈಕೊಟ್ಟಿತು. ಓದುವವನು ನಾನು, ಬರೆದವನು ನಾನು, ಹೊಗಳಿಸಿಕೊಳ್ಳುವವಳು ನನ್ನ ಅಕ್ಕ. ಮೇಷ್ಟ್ರುಗಳೆಲ್ಲ ಕೂತಿರುವಾಗ ಅಡುಗೆಯವಳನ್ನು ಸಾಗರ ಅಂದರೆ ನಕ್ಕುಬಿಟ್ಟರೆ? ನನ್ನನ್ನು ನೋಡಿ ನಗಲಿ, ಅವಳನ್ನು ನೋಡಿ ನಕ್ಕರೆ? ಕೈ ತಾನಾಗಿಯೇ 'ಸಾಗರದಂತೆ' ಎಂದು ಒತ್ತಿತು. ಸ್ವಲ್ಪ ಅಂತರ ಇದ್ದರೆ ಕ್ಷೇಮ ಅನ್ನಿಸಿತು. ಅಂಚಿಗೆ ಚಿನ್ನದ ಬಣ್ಣದ ಬಳ್ಳಿ ಹಾಕಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ತೇಗದ ಫ್ರೇಮು ಕಟ್ಟಿದೆ.

ಶನಿವಾರ ಮಧ್ಯಾಹ್ನ ಸಮಾರಂಭ. ನಾನು ಹೋದಾಗ ಅಕ್ಕ ಅಡುಗೆ ಕೋಣೆಯಲ್ಲೇ ಇದ್ದಳು. ತನ್ನ ಬೀಳ್ಕೊಡುಗೆಯ ಪಾಯಸವನ್ನು ತಾನೇ ಕದಡುತ್ತಿದ್ದಳು! "ಇನ್ಯಾರೋ ಮಾಡಿದ್ರೆ ತಳ ಹತ್ತಿಸ್ಬುಡ್ತಾರೆ" ಎಂದು ಸಮಜಾಯಿಷಿ ಬೇರೆ. ಹಾಲಿನಲ್ಲಿ ಮಕ್ಕಳು ನೆಲದ ಮೇಲೆ, ಮೇಷ್ಟ್ರುಗಳು ಕುರ್ಚಿಯಲ್ಲಿ, ಹಿಂದೆ ಒಂದಿಷ್ಟು ತಾಯಂದಿರು. ಹೆಸರು ಕೂಗಿದಾಗ ಅಕ್ಕ ಅಭ್ಯಾಸದಂತೆ ಬಾಗಿಲಲ್ಲೇ ನಿಂತಿದ್ದಳು, ಕೈ ಸೆರಗಿನಲ್ಲಿ. ಮುಖ್ಯೋಪಾಧ್ಯಾಯಿನಿ ಇಳಿದು ಬಂದು ಕೈ ಹಿಡಿದು ಕರೆದೊಯ್ದು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಕೂತಳು ಅನ್ನುವುದಕ್ಕಿಂತ ಅಂಚಿಗೆ ತಾಗಿಕೊಂಡಳು. ಯಾರಾದರೂ ಕೂಗಿದರೆ ತಕ್ಷಣ ಎದ್ದು ಓಡಬೇಕಲ್ಲ, ಹಾಗೆ.

ಫ್ರೇಮಿಗೆ ಹಾಕದ ಇನ್ನೊಂದು ಪ್ರತಿ ಹಿಡಿದು ನಾನು ಓದತೊಡಗಿದೆ. ನೂರಾರು ಬಿನ್ನವತ್ತಳೆ ಬರೆದವನು, ಒಂದನ್ನೂ ಸಭೆಯಲ್ಲಿ ಓದಿದವನಲ್ಲ. ಅಕ್ಕಿ ತೊಳೆಯುವ ಸಾಲಿಗೆ ಮಕ್ಕಳು ನಕ್ಕವು, ಅಕ್ಕನೂ ನಕ್ಕಳು. ಕೊನೆಯ ಪ್ಯಾರಾಕ್ಕೆ ಬಂದೆ. ಕಣ್ಣೆತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಪಾಠ ಒಪ್ಪಿಸುವಾಗ ನೋಡುತ್ತಿದ್ದಂತೆಯೇ, ತುಟಿ ಅಲುಗಿಸುತ್ತ, ಮುಂದಿನ ಪದಕ್ಕೆ ಕಾಯುತ್ತ. ಆ ಕುರ್ಚಿಯ ಅಂಚಿನಿಂದ ಅವಳನ್ನು ಹಿಂದಕ್ಕೆ ಕೂರಿಸುವುದು ಇನ್ನು ನನ್ನ ಕೈಯಲ್ಲೇ ಇದೆ ಅನ್ನಿಸಿತು. ಥೂ ನನ್ನ ಪುಕ್ಕಲುತನಕ್ಕಿಷ್ಟು!

ಹಾಳೆಯನ್ನು ಕೆಳಗಿಳಿಸಿ ಹೇಳಿದೆ: "ಅಮ್ಮಾ, ನೀವು ಸಾಗರ. ಯಾವ ನದಿ ಬಂದರೂ, ಬೇಗ ಬಂದರೂ, ತಡವಾಗಿ ಬಂದರೂ, ಎಲ್ಲಿಂದ ಬಂದೆ ಎಂದು ಕೇಳದ ಸಾಗರ."

ಅದು ಹಾಳೆಯಲ್ಲಿ ಇರಲಿಲ್ಲ. ಯಾರೂ ನಗಲಿಲ್ಲ. ಹಿಂದೆ ಕೂತಿದ್ದ ತಾಯಂದಿರಲ್ಲಿ ಒಬ್ಬರು ತಲೆ ತಗ್ಗಿಸಿದ್ದನ್ನು ನೋಡಿದೆ, ಯಾಕೆಂದು ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಆಮೇಲೆ ಮಕ್ಕಳು ಚಪ್ಪಾಳೆ ಶುರು ಮಾಡಿದವು, ನಿಲ್ಲಿಸಲೇ ಇಲ್ಲ. ಅಕ್ಕ ಮೆಲ್ಲಗೆ ಹಿಂದಕ್ಕೆ ಸರಿದು, ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟು, ಬೆನ್ನು ಒರಗಿಸಿ ಕೂತಳು. ನಾನು ಇನ್ನೇನು ಓದಿದೆನೋ ನೆನಪಿಲ್ಲ.

ಸಂಜೆ ಅವಳ ಮನೆಯಲ್ಲಿ ಫ್ರೇಮನ್ನು ಆ ಹೊಸ ಮೊಳೆಗೆ ನೇತುಹಾಕಿ, ಸೊಟ್ಟ ಇದೆಯಾ ಎಂದು ನೋಡುತ್ತಿದ್ದೆ. ಅಕ್ಕ ಕನ್ನಡಕ ಹಾಕಿಕೊಂಡು, ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತ ಇಳಿದಳು. ಕೊನೆಯ ಪ್ಯಾರಾದಲ್ಲಿ ಬೆರಳು ನಿಂತಿತು.

"ಲೇ, ಇದೇನೋ ಇಲ್ಲಿ 'ಸಾಗರದಂತೆ' ಅಂತ ಐತೆ. ಅಲ್ಲಿ ಸಾಗರ ಅಂದೆ?"

ನಾನು ಕಳ್ಳನ ಹಾಗೆ ನಿಂತೆ. "ಹೆದರಿಕೆ ಆಯ್ತು ಕಣಕ್ಕ. ಯಾರಾದ್ರೂ ನಕ್ರೆ ಅಂತ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಬಿಚ್ಚು. ನಾಳೆ ಸರಿ ಮಾಡ್ಕಂಡ್ ಬಾ" ಎಂದು ಮೊಳೆಯಿಂದ ತಾನೇ ಇಳಿಸಿ ನನ್ನ ಕೈಗಿಟ್ಟಳು. ಆಮೇಲೆ ತಟ್ಟೆ ತಂದಳು. ಒಂದೇ ತಟ್ಟೆ, ಚಿಕ್ಕಂದಿನಲ್ಲಿ ಇಬ್ಬರೂ ಉಣ್ಣುತ್ತಿದ್ದ ಹಾಗೆ. ಮುದ್ದೆ ಮುರಿದು ನನ್ನ ಕಡೆ ತಳ್ಳಿದಳು. ತಾನು ಮಾತ್ರ ಆ ಖಾಲಿ ಮೊಳೆಯನ್ನೇ ನೋಡುತ್ತಿದ್ದಳು.

"ಏನಕ್ಕ?"

"ನಾನು ಸಮುದ್ರ ನೋಡೇ ಇಲ್ಲ ಕಣೋ" ಅಂದಳು. "ರಜ ಬಂದಾಗ ಒಂದ್ಸಲ ಕರ್ಕಂಡೋಗು. ನಾನು ಎಂಗಿದೀನಿ ಅಂತ ನೋಡ್ಕಂಡ್ ಬರಾಣ."